ಅರ್ಜಿ ಚಲೋ ಬರೀತೈತಿ, ಗುಂಟೆ ಲೆಕ್ಕ ಮಾತ್ರ ಎಐಗೆ ಬಿಡಬ್ಯಾಡ್ರಿ

ಜಮಖಂಡ್ಯಾಗ ನನ್ನದೊಂದು ಸಣ್ಣ ಡಿಟಿಪಿ, ಝೆರಾಕ್ಸ್ ಅಂಗಡಿ ಐತ್ರಿ. ವಾರಸಾ ಅರ್ಜಿ (ತೀರಿಕೊಂಡವರ ಹೊಲ ವಾರಸದಾರರ ಹೆಸರಿಗೆ ಮಾಡ್ಸೂದು), ತಕರಾರು ಅರ್ಜಿ, ವಾಟ್ನಿ ಪತ್ರ (ಆಸ್ತಿ ಪಾಲು ಮಾಡ್ಕೊಳ್ಳೂ ಪತ್ರ), ಇವೇ ದಿನದ ಕೆಲಸ. ಚಾಟ್‌ಜಿಪಿಟಿ 2022ರ ಕೊನಿಗೇ ಬಂತು ಖರೆ, ಆದ್ರ ಕನ್ನಡ ಒಂಚೂರು ನೆಟ್ಟಗ ಬರಿಯಾಕ ಹತ್ತಿದ ಮ್ಯಾಲೇನ ನಾ ಅದನ್ನ ಕೆಲಸಕ್ಕ ಹಚ್ಚಿದ್ದು.

ಅರ್ಜಿ ಡ್ರಾಫ್ಟಿಗೆ ಮಾತ್ರ ಭಾಳ ಉಪಯೋಗ ಆಗೇತಿ. ಕಾಕಾಗೋಳು ಬಂದು ಕುಂತ್ರ ಹೊಲದ ಬದುವಿನಿಂದ ಶುರು ಮಾಡಿ ಅಣ್ತಮ್ಮರ ಜಗಳ, ಬಾವಿ ನೀರಿನ ಪಾಳಿ, ಬೀಗರ ಮನಿ ಪಂಚಾಯ್ತಿ ಎಲ್ಲಾ ಹೇಳ್ತಾರ, ಅದ್ರಾಗ ಅರ್ಜಿಗೆ ಬೇಕಾಗಿದ್ದು ನಾಕ ಮಾತು, ಅದನ್ನ ಹೆಕ್ಕಿ ತೆಗೆದು ಒಂದ ಪುಟದಾಗ ತಹಶೀಲ್ದಾರ್ ಸಾಹೇಬ್ರಿಗೆ ಒಪ್ಪೂವಂಗ ಬರಿ ಅಂದ್ರ ಚಾ ಮುಗಿಯೂದ್ರಾಗ ರೆಡಿ. ನಮ್ ಹಳೇ ಫೈಲ್ ಎಲ್ಲಾ ನುಡಿ ಫಾಂಟಿನ್ಯಾವು, ಹಂಗ ಕಾಪಿ ಮಾಡಿ ಹಾಕಿದ್ರ ಗೋಜಲಾಗ್ತೈತಿ, ಮೊದಲ ಯೂನಿಕೋಡ್ ಮಾಡ್ಕೋಬೇಕು, ಅಷ್ಟ.

ತಕರಾರು ಬರೂದು ಲೆಕ್ಕದಾಗ. ಒಂದು ವಾಟ್ನಿಗೆ ಎರಡು ಉತಾರಿ (ಪಹಣಿ) ಇದ್ದೂ, 2-30 ಮತ್ತ 1-25, ಅಂದ್ರ 2 ಎಕರೆ 30 ಗುಂಟೆ ಮತ್ತ 1 ಎಕರೆ 25 ಗುಂಟೆ. ಕೂಡಿಸಿ ಇಬ್ಬರಿಗೆ ಸಮ ಹಂಚು ಅಂದೆ. ಎಐ ಅವನ್ನ ದಶಮಾಂಶ ಅಂತ ತಿಳಕೊಂಡು 3.55 ಎಕರೆ, ಒಬ್ಬೊಬ್ಬಗ 1.775 ಅಂತು! ನಲವತ್ತು ಗುಂಟೆಗೆ ಎಕರೆ, ಹಂಗಾಗಿ ಕೂಡಿದ್ರ 4 ಎಕರೆ 15 ಗುಂಟೆ, ಒಬ್ಬೊಬ್ಬಗ 2 ಎಕರೆ 7 ಗುಂಟೆ 8 ಆಣೆ (ಅರ್ಧ ಗುಂಟೆ) ಬರ್ಬೇಕು. ಅದರ ಲೆಕ್ಕದಾಗ ತಲಿಗೆ ಹದಿನಾರೂವರೆ ಗುಂಟೆ ಗಾಯಬ್. ನಲವತ್ತರ ಲೆಕ್ಕ ಹಿಡಿ ಅಂದ್ರ ಕ್ಷಮಿಸಿ ಅಂತ ಸರಿ ಮಾಡ್ತೈತಿ, ಹೊಸ ಚಾಟ್ ತೆಗೆದ್ರ ಮತ್ತ ಅದ ಹಾಡು.

ಕಾಯ್ದೆ ಕಲಮಿಂದೂ ಇದ ಕಥಿ. ವಾರಸಾಕ್ಕ ಭೂಕಂದಾಯ ಕಾಯ್ದೆ 1964ರ ಕಲಂ 128 ಹಾಕ್ಬೇಕು, ಅದು ಒಮ್ಮೆ 95 ಹಾಕಿತ್ತು, 95 ಅಂದ್ರ ಎನ್ಎ ಮಾಡ್ಸೂದು, ಹೊಲಾನ ಬೇಸಾಯ ಬಿಟ್ಟು ಬ್ಯಾರೆ ಕೆಲಸಕ್ಕ ಬದಲಿ ಮಾಡ್ಸೂದು. ಅದೂ ಎಷ್ಟ್ ಧಿಮಾಕಿನಿಂದ ಅಂತೀರಿ! ಅದೇನು ಕಾಯ್ದೆ ಪುಸ್ತಕ ತೆಗೆದು ನೋಡಿ ಬರಿಯೂದಿಲ್ಲ, ಈ ಮಾತಿನ ಮುಂದ ಯಾವ ಮಾತು ಬರಬಹುದು ಅಂತ ಅಂದಾಜ ಮ್ಯಾಲೆ ಪೋಣಿಸ್ಕೊಂತ ಹೋಗ್ತೈತಿ, ಅರ್ಜಿ ಭಾಷೆ ಎಲ್ಲಾ ಕಡೆ ಒಂದ ಥರ ಇರ್ತೈತಿ ಅಂತ ಅಲ್ಲಿ ಅಂದಾಜು ನಡೀತೈತಿ, ನಂಬರಿಗೆ ನಡಿಯೂದಿಲ್ಲ.

ಜಮಖಂಡಿ ಆಳಿದ ಪಟವರ್ಧನ ಸಂಸ್ಥಾನದ ಕಾಲದ ಮೋಡಿ ಲಿಪಿ (ಹಿಂದ ಮರಾಠಿ ಬರಿಯೂ ಲಿಪಿ) ಕಾಗದ ಒಬ್ರು ತಂದಿದ್ರು. ಫೋಟೋ ಹಾಕಿದೆ, ಚಂದ ಕನ್ನಡದಾಗ ಓದಿ ಹೇಳ್ತು. ಸಂಶಯ ಬಂದು ಮತ್ತ ಹಾಕಿದ್ರ ಬ್ಯಾರೇನ ಹೆಸರು, ಬ್ಯಾರೇನ ಊರು. ಮೋಡಿ ಓದೋ ಹಿರಿಯರ ಕಡೆ ಕಳಿಸಿದೆ.

ಈಗ ಡ್ರಾಫ್ಟ್ ಮಾಡ್ಸೂವಾಗ ಸರ್ವೆ ನಂಬರ್, ಕ್ಷೇತ್ರ, ಕಲಂ, ಹೆಸರು ಎಲ್ಲಾ ಚುಕ್ಕಿ ಚುಕ್ಕಿ ಬಿಡು ಅಂತೀನಿ, ಉತಾರಿ ಮುಂದಿಟ್ಕೊಂಡು ನಾನ ತುಂಬ್ತೀನಿ, ಆಧಾರ್ ನಂಬರ್ ಅಂತೂ ಅದಕ್ಕ ಕೊಡೂದೇ ಇಲ್ಲ. ಹುಡುಗೂರು ಈಗ ಫೋನಿನ್ಯಾಗ ತಾವ ಅರ್ಜಿ ಮಾಡ್ಕೊಂಡು ಬರೇ ಪ್ರಿಂಟಿಗೆ ಬರಾಕತ್ತಾರ್ರಿ, ಅವರಿಗೆ ಪ್ರಿಂಟಿನ ರೇಟ್ ಬ್ಯಾರೆ, ಓದಿ ತಿದ್ದಿ ಕೊಡೂ ರೇಟ್ ಬ್ಯಾರೆ ಅಂತ ಬೋರ್ಡ್ ಹಚ್ಚೇನಿ.