ಪಂಪ್ ಸುಮ್ಮನಿದೆ, ಶುಗರ್ ಏರುತ್ತಿದೆ: ಕ್ಯಾನುಲಾ ಜಾಗವನ್ನು ಪರೀಕ್ಷಿಸುವ ಬಗೆ

ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಅದಕ್ಕೆ ತಕ್ಕ ಬೋಲಸ್ (ಊಟಕ್ಕೆಂದು ಒಮ್ಮೆಲೇ ಕೊಡುವ ಇನ್ಸುಲಿನ್) ಕೊಟ್ಟುಕೊಂಡವರ ಶುಗರ್ ಮೂರು ತಾಸಿನ ನಂತರ 320 ತೋರಿಸಿದರೆ, ಮನೆಯವರು ಮೊದಲು ಕೇಳುವುದು ‘ಇನ್ನೇನು ತಿಂದೆ?’ ಎಂದು. ಇನ್ಸುಲಿನ್ ಪಂಪ್ ಧರಿಸಿದವರ ಮಟ್ಟಿಗೆ ಆ ಪ್ರಶ್ನೆ ಎರಡನೆಯದು. ಮೊದಲು ಅನುಮಾನಿಸಬೇಕಾದದ್ದು ಕ್ಯಾನುಲಾ, ಅಂದರೆ ಚರ್ಮದಡಿ ಇಳಿದಿರುವ ಸಣ್ಣ ನಳಿಕೆ ಕೂತಿರುವ ಜಾಗವನ್ನು.

ಪಂಪಿನಲ್ಲಿ ಇರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ದಿನವಿಡೀ ನಿಲ್ಲುವ ಇನ್ಸುಲಿನ್ನಿನ ಆಸರೆ ದೇಹದಲ್ಲಿ ಇರುವುದಿಲ್ಲ. ಹರಿವು ನಿಂತರೆ ಕೆಲವೇ ತಾಸುಗಳಲ್ಲಿ ರಕ್ತದಲ್ಲಿ ಕೀಟೋನ್, ಅಂದರೆ ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸುವಾಗ ಹುಟ್ಟುವ ಆಮ್ಲ, ಸೇರತೊಡಗುತ್ತದೆ. ಪಂಪ್ ಕೂಗಲಿಲ್ಲವಲ್ಲ ಎಂದು ನೆಮ್ಮದಿಯಿಂದ ಇರುವಂತೆಯೂ ಇಲ್ಲ, ಏಕೆಂದರೆ ಅಡಚಣೆಯ ಅಲಾರಂ ಬರುವುದು ಟ್ಯೂಬಿನಲ್ಲಿ ಒತ್ತಡ ಹೆಚ್ಚಿದಾಗ. ಇನ್ಸುಲಿನ್ ಚರ್ಮದ ಮೇಲೆ ಸೋರಿಹೋಗುತ್ತಿದ್ದರೆ ಒತ್ತಡವೇ ಹುಟ್ಟುವುದಿಲ್ಲ. ಚಿಕ್ಕ ಮಕ್ಕಳಂತೆ ಬೇಸಲ್ (ಪಂಪ್ ದಿನವಿಡೀ ಹನಿಹನಿಯಾಗಿ ಕೊಡುವ ಇನ್ಸುಲಿನ್) ಪ್ರಮಾಣ ಕಡಿಮೆ ಇರುವವರಲ್ಲಿ ನಿಜವಾದ ಅಡಚಣೆಗೂ ಅಲಾರಂ ಬರಲು ತಾಸುಗಟ್ಟಲೆ ಹಿಡಿಯಬಹುದು.

ಆದ್ದರಿಂದ ಕೈ ತೊಳೆದು, ಒರೆಸಿ, ಬೆರಳಿನ ರಕ್ತದಿಂದ ಶುಗರ್ ಮತ್ತೊಮ್ಮೆ ನೋಡಿ. (ಮಾವಿನ ಹಣ್ಣು ಹಿಡಿದ ಬೆರಳು ಗ್ಲುಕೋಮೀಟರಿಗೆ ಸುಳ್ಳು ಹೇಳುತ್ತದೆ.) 250 ದಾಟಿದ್ದರೆ ಕೀಟೋನ್ ಪರೀಕ್ಷಿಸಿ. ಕೀಟೋನ್ ಇಲ್ಲದಿದ್ದರೆ ಪಂಪಿನಿಂದಲೇ ಒಮ್ಮೆ ಹೆಚ್ಚುವರಿ ಇನ್ಸುಲಿನ್ ಕೊಟ್ಟು ಒಂದು ತಾಸು ಕಾಯಬಹುದು. ಶುಗರ್ ಇಳಿಯದಿದ್ದರೆ, ಇಲ್ಲವೇ ಮೊದಲೇ ಕೀಟೋನ್ ಕಂಡಿದ್ದರೆ, ವೈದ್ಯರು ಬರೆದುಕೊಟ್ಟಿರುವ ಪ್ರಮಾಣವನ್ನು ಪೆನ್ ಅಥವಾ ಸಿರಿಂಜಿನಿಂದ ಹಾಕಿಕೊಂಡು, ಆಮೇಲೆ ಸೆಟ್ (ಕ್ಯಾನುಲಾ, ಟ್ಯೂಬು, ಅಂಟುಪಟ್ಟಿ ಸೇರಿದ ಜೋಡಣೆ) ಬದಲಿಸಬೇಕು. ಈ ಕ್ರಮವನ್ನು ತಿರುವುಮುರುವು ಮಾಡಬಾರದು. ಪೆನ್ನಿನಿಂದ ಹಾಕಿದ ಇನ್ಸುಲಿನ್ನಿನ ಲೆಕ್ಕ ಪಂಪಿಗೆ ಗೊತ್ತಿರುವುದಿಲ್ಲವಾದ್ದರಿಂದ, ಅದು ಮತ್ತೆ ಸೂಚಿಸುವ ಪ್ರಮಾಣವನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳಲೂಬಾರದು.

ಇಲ್ಲಿ ನಮ್ಮ ಕಡೆಯ ಒಂದು ತೊಡಕನ್ನು ಹೇಳಲೇಬೇಕು. ಪಂಪಿಗೆ ತುಂಬುವುದು ಸಾಮಾನ್ಯವಾಗಿ ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್; ಮೆಡಿಕಲ್ ಅಂಗಡಿಗಳಲ್ಲಿ 40 ಯೂನಿಟ್ಟಿನ ಬಾಟಲಿಗಳೂ ಸಿಗುತ್ತವೆ. 40ರ ಇನ್ಸುಲಿನ್ನಿಗೆ ಕೆಂಪು ಮುಚ್ಚಳದ ಸಿರಿಂಜ್, 100ರದಕ್ಕೆ ಕಿತ್ತಳೆ ಮುಚ್ಚಳದ್ದು. ಗಾಬರಿಯಲ್ಲಿ 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದರೆ ದೇಹಕ್ಕೆ ಎರಡೂವರೆ ಪಟ್ಟು ಹೋಗುತ್ತದೆ.

ಇನ್ನು ಜಾಗದ ಪರೀಕ್ಷೆ. ಅಂಟುಪಟ್ಟಿಯ ಅಂಚನ್ನು ಬೆರಳಿನಿಂದ ಮುಟ್ಟಿ, ಆ ಬೆರಳನ್ನು ಮೂಸಿ ನೋಡಿ. ಇನ್ಸುಲಿನ್ನಿನಲ್ಲಿ ಸಂರಕ್ಷಕವಾಗಿ ಸೇರಿಸಿರುವ ಕ್ರೆಸಾಲ್‌ನಿಂದ ಆಸ್ಪತ್ರೆಯ ವಾರ್ಡಿನಂಥ ಘಾಟು ವಾಸನೆ ಬರುತ್ತದೆ. ಒದ್ದೆಯಾಗಿರುವುದು ಬೆವರೋ ಇನ್ಸುಲಿನ್ನೋ ಎಂಬುದನ್ನು ಕಣ್ಣಿಗಿಂತ ಮೂಗು ಚೆನ್ನಾಗಿ ಹೇಳುತ್ತದೆ. ಟ್ಯೂಬಿನ ತುದಿಯಲ್ಲಿ ರಕ್ತವಿದೆಯೇ, ಉದ್ದನೆಯ ಗಾಳಿಗುಳ್ಳೆ ನಿಂತಿದೆಯೇ, ಜೋಡಣೆ ಸಡಿಲಾಗಿದೆಯೇ ನೋಡಿ. ನನ್ನ ಮಗಳ ಪಂಪಿನ ಮೊದಲ ಬೇಸಿಗೆಯಲ್ಲಿ ಒಮ್ಮೆ ಹೊರಗೆ ಎಲ್ಲವೂ ನೆಟ್ಟಗಿದ್ದು, ಸೆಟ್ ಕಿತ್ತಾಗ ಕ್ಯಾನುಲಾ ಮೀನಿನ ಗಾಳದಂತೆ ಮಡಚಿಕೊಂಡಿತ್ತು. ಹೊರಗಿನಿಂದ ಏನೂ ಕಾಣಲಿಲ್ಲವೆಂದು ಸೆಟ್ ಬದಲಿಸುವುದನ್ನು ಮುಂದೂಡಬಾರದು ಎನ್ನುವುದು ಅದಕ್ಕೇ.

ಹೊಸ ಸೆಟ್ಟಿಗೆ ಹಳೆಯ ಜಾಗದಿಂದ ಕನಿಷ್ಠ ಎರಡು ಬೆರಳು ದೂರ, ಹೊಕ್ಕುಳಿನಿಂದ 5 ಸೆಂಟಿಮೀಟರ್ ದೂರ ಇರಲಿ. ಚರ್ಮವನ್ನು ಅಂಗೈಯಿಂದ ಸವರಿದಾಗ ರಬ್ಬರಿನಂತೆ ಗಟ್ಟಿಯಾದ ಉಬ್ಬು ಸಿಕ್ಕರೆ ಅಲ್ಲಿ ಹಾಕಬೇಡಿ. ಪದೇ ಪದೇ ಚುಚ್ಚಿ ಕೊಬ್ಬು ದಪ್ಪಗಟ್ಟಿದ ಆ ಜಾಗದಲ್ಲಿ ನೋವು ಕಡಿಮೆಯೆಂದು ಮಕ್ಕಳು ಅದನ್ನೇ ತೋರಿಸುತ್ತಾರೆ, ಆದರೆ ಇನ್ಸುಲಿನ್ ಅಲ್ಲಿಂದ ಸರಿಯಾಗಿ ಹೀರಿಕೆಯಾಗುವುದಿಲ್ಲ. ಉಡಿದಾರ, ಲಂಗದ ಲಾಡಿ, ಪ್ಯಾಂಟಿನ ಬೆಲ್ಟ್ ಉಜ್ಜುವ ಗೆರೆಯನ್ನೂ ಬಿಟ್ಟು, ತೊಡೆ ಅಥವಾ ಪೃಷ್ಠದ ಮೇಲ್ಭಾಗವನ್ನು ಸರದಿಯಂತೆ ಬಳಸಿ. ಎಣ್ಣೆಸ್ನಾನದ ದಿನ ಚರ್ಮದ ಜಿಡ್ಡನ್ನು ಸೋಪಿನಿಂದ ಪೂರ್ತಿ ತೆಗೆದು, ಸ್ಪಿರಿಟ್ ಒರೆಸಿ, ಅದು ತಾನಾಗಿ ಆರಿದ ಮೇಲೆಯೇ ಪಟ್ಟಿ ಅಂಟಿಸಬೇಕು. ಟ್ಯೂಬಿಗೆ ಇನ್ಸುಲಿನ್ ತುಂಬುವಾಗ ಅದು ದೇಹಕ್ಕೆ ಜೋಡಿಸಿರಲೇಬಾರದು.

ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿ 40 ಡಿಗ್ರಿ ದಾಟುವುದರಿಂದ, ಸೆಟ್ಟಿನ ಜೊತೆಗೆ ಪಂಪಿನೊಳಗಿನ ಇನ್ಸುಲಿನ್ನನ್ನೂ ಬದಲಿಸುವುದು ಲೇಸು. 37 ಡಿಗ್ರಿಗಿಂತ ಹೆಚ್ಚಿನ ಶಾಖಕ್ಕೆ ಸಿಕ್ಕಿದ್ದನ್ನು ನಂಬುವಂತಿಲ್ಲ. ಸೆಟ್ ಬದಲಾವಣೆಯನ್ನು, ತುರ್ತು ಇಲ್ಲದಿದ್ದರೆ, ಮಲಗುವ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಬೆಳಗ್ಗೆ ತಿಂಡಿಗೆ ಮುಂಚೆ ಬದಲಿಸಿದರೆ ಎರಡು ತಾಸಿಗೆ ಶುಗರ್ ನೋಡಿ, ಹೊಸ ಜಾಗ ಕೆಲಸ ಮಾಡುತ್ತಿದೆಯೇ ಎಂದು ಎಚ್ಚರವಾಗಿದ್ದಾಗಲೇ ತಿಳಿಯಬಹುದು. ಸಾಮಾನ್ಯ ಸೆಟ್ಟುಗಳಿಗೆ, ಅವುಗಳ ಬಗೆಗೆ ಅನುಸಾರವಾಗಿ, ಎರಡು ಅಥವಾ ಮೂರು ದಿನಕ್ಕೊಮ್ಮೆ ಎಂಬ ಗಡುವನ್ನು, ಬೆಲೆ ಹೆಚ್ಚೆಂಬ ಕಾರಣಕ್ಕೆ ಐದು ದಿನಕ್ಕೆ ಎಳೆಯುವವರಿದ್ದಾರೆ. ಆ ಸಂಕಟ ನನಗೂ ಗೊತ್ತು, ಆದರೂ ಎಳೆಯಬೇಡಿ.

ಸೆಟ್ ತೆಗೆದ ಜಾಗ ತುಸು ಕೆಂಪಾಗಿ ತುರಿಸಿದರೆ ಅದು ಹೆಚ್ಚಾಗಿ ಅಂಟಿನ ಒಗ್ಗದಿಕೆ. ಆದರೆ ಕೆಂಪು ಹರಡುತ್ತಾ, ಮುಟ್ಟಿದರೆ ಬಿಸಿಯಾಗಿ, ನೋವು ಅಥವಾ ಕೀವು ಕಂಡರೆ ಅದು ಸೋಂಕು. ಅರಿಸಿನ ಮೆತ್ತಿ ಕಾಯದೆ ವೈದ್ಯರಿಗೆ ತೋರಿಸಿ. ರಕ್ತದ ಕೀಟೋನ್ (ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ) 1.5 ದಾಟಿದರೆ ವೈದ್ಯರಿಗೆ ಫೋನ್ ಮಾಡಿ. 3 ಮುಟ್ಟಿದರೆ, ಇಲ್ಲವೇ ವಾಂತಿ, ಹೊಟ್ಟೆನೋವು, ಏದುಸಿರು ಶುರುವಾದರೆ, ಹೊಸ ಸೆಟ್ ಹಾಕಿದ್ದೇವಲ್ಲ ಎಂದು ಮನೆಯಲ್ಲಿ ಕೂರದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಪಂಪ್ ಬಳಸುತ್ತಿರುವುದನ್ನೂ ಪೆನ್ನಿನಿಂದ ಎಷ್ಟು ಯೂನಿಟ್ ಎಷ್ಟು ಗಂಟೆಗೆ ಹಾಕಿದ್ದೀರಿ ಎಂಬುದನ್ನೂ ಅಲ್ಲಿನವರಿಗೆ ಮೊದಲೇ ತಿಳಿಸಿ.