ಹಗಲಿಗೆ ಬೆಳಕು, ರಾತ್ರಿಗೆ ಕತ್ತಲು: ಮಲೆನಾಡಿನ ಮನೆಯನ್ನು ಮಿದುಳಿಗೆ ಹೊಂದಿಸುವ ಬಗೆ

ಮಳೆಗಾಲದಲ್ಲಿ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಹಗಲು ಹನ್ನೊಂದಕ್ಕೂ ಪಡಸಾಲೆಯಲ್ಲಿ ಲೈಟು ಹಾಕಿಕೊಂಡೇ ಕೂರಬೇಕು. ಇಳಿಬಿಟ್ಟ ಸೂರು, ಉದ್ದನೆಯ ಜಗಲಿ, ಒಂದೂವರೆ ಅಡಿ ಗೋಡೆ ಎಲ್ಲವೂ ಎರಚಲು ತಡೆಯಲೆಂದು ಬಂದವು. ಆ ಕೆಲಸ ಚೆನ್ನಾಗಿಯೇ ಮಾಡುತ್ತವೆ, ಜೊತೆಗೆ ಬೆಳಕನ್ನೂ ಹೊರಗೇ ನಿಲ್ಲಿಸುತ್ತವೆ. ಸಂಜೆಯಾದರೆ ಬಿಳಿ ಎಲ್‌ಇಡಿ ಬಲ್ಬು, ಅಂಗಳದ ಫೋಕಸ್ ಲೈಟು. ಹಗಲೆಲ್ಲ ಮಬ್ಬು, ರಾತ್ರಿಯೆಲ್ಲ ಝಗಮಗ. ಮಿದುಳಿಗೆ ಬೇಕಾದದ್ದು ಇದರ ಉಲ್ಟಾ.

ಮಿದುಳಿಗೆ ಹೊಂದುವಂತೆ ಕಟ್ಟಡ ಕಟ್ಟುವ ನ್ಯೂರೋ ಆರ್ಕಿಟೆಕ್ಚರ್ ಎಂಬ ಹೆಸರಲ್ಲಿ ಈಗ ಬಾಗಿದ ಗೋಡೆ, ಮನಸ್ಸಿಗೆ ಹಿತವಾದ ಬಣ್ಣ ಎಂದೆಲ್ಲ ಮಾರಾಟ ನಡೆದಿದೆ. ವಿಷಯ ಹುಸಿಯಲ್ಲ: ನರವಿಜ್ಞಾನಿಗಳೂ ವಾಸ್ತುಶಿಲ್ಪಿಗಳೂ ಸೇರಿ 2003ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಇದಕ್ಕೆಂದೇ ಒಂದು ಅಕಾಡೆಮಿ ಕಟ್ಟಿದ್ದಾರೆ. ಆದರೆ ಎಲ್ಲ ಸಲಹೆಗೂ ಒಂದೇ ತೂಕದ ಆಧಾರವಿಲ್ಲ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನ ಮಿದುಳಿನ ಸ್ಕ್ಯಾನರ್ ಒಳಗೆ ಮಲಗಿ ಕೋಣೆಗಳ ಚಿತ್ರ ನೋಡಿದರು. ಬಾಗಿದ ಗೆರೆಗಳ ಕೋಣೆಯೇ ಹೆಚ್ಚು ಚೆಂದ ಎಂದರು. ಒಳಗೆ ಹೋಗುತ್ತೀರಾ ಎಂದು ಕೇಳಿದ್ದಕ್ಕೆ ಮಾತ್ರ ಬಾಗಿದ್ದಕ್ಕೂ ಚೌಕಕ್ಕೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಬಾಗಿದ ಗೋಡೆಗೆ ದುಡ್ಡು ಸುರಿಯುವ ಮೊದಲು ಬೆಳಕು ಸರಿಮಾಡಿ. ಅಲ್ಲಿ ಆಧಾರ ಗಟ್ಟಿಯಾಗಿದೆ.

ಆ ಆಧಾರ ಇಷ್ಟು. ರೆಟಿನಾದಲ್ಲಿ ನೋಡಲು ನೆರವಾಗುವ ಕೋಶಗಳಲ್ಲದೆ, ಹೊತ್ತು ತಿಳಿಯಲೆಂದೇ ಇರುವ ಕೋಶಗಳೂ ಇವೆ. ಅವುಗಳಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯವಿರುತ್ತದೆ. 480 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಅದು ಹೆಚ್ಚು ಓಗೊಡುತ್ತದೆ. ನರವಿಜ್ಞಾನಿ ಡೇವಿಡ್ ಬರ್ಸನ್ ತಂಡ 2002ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿತು. ಈ ಕೋಶಗಳ ಸುದ್ದಿ ಹೈಪೋಥಾಲಮಸ್‌ನಲ್ಲಿರುವ ಗಡಿಯಾರಕ್ಕೆ ಹೋಗುತ್ತದೆ. ನಿದ್ದೆಯ ಹಾರ್ಮೋನು ಮೆಲಟೋನಿನ್ ಯಾವಾಗ ಏರಬೇಕೆಂಬುದು ಅಲ್ಲಿಂದ ತೀರ್ಮಾನವಾಗುತ್ತದೆ. ತಜ್ಞರ ಗುಂಪೊಂದು 2022ರಲ್ಲಿ ಕೊಟ್ಟ ಅಳತೆ: ಹಗಲು ಕಣ್ಣಿನ ಮಟ್ಟದಲ್ಲಿ ಕನಿಷ್ಠ 250 ಮೆಲನೋಪಿಕ್ ಲಕ್ಸ್ (ಲಕ್ಸ್ ಬೆಳಕಿನ ಅಳತೆ, ಮೆಲನೋಪಿಕ್ ಎಂದರೆ ಈ ಕೋಶಗಳಿಗೆ ತಾಕುವ ಲೆಕ್ಕದಲ್ಲಿ), ಮಲಗುವ ಮೂರು ಗಂಟೆ ಮೊದಲಿಂದ 10ಕ್ಕಿಂತ ಕಡಿಮೆ, ಮಲಗಿದಾಗ 1ಕ್ಕಿಂತ ಕಡಿಮೆ.

ಮೊದಲು ಅಳೆಯಿರಿ

ಲಕ್ಸ್ ಮೀಟರ್ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಮೊಬೈಲ್ ಆ್ಯಪ್ ಸಾಕು. ಆ್ಯಪಿನ ಅಂಕಿ ನಿಖರವಲ್ಲ, ಆದರೆ ಒಂದು ಮೂಲೆಗೂ ಇನ್ನೊಂದು ಮೂಲೆಗೂ ಇರುವ ಅಂತರ ತಿಳಿಯುತ್ತದೆ. ಸಾಮಾನ್ಯವಾಗಿ ಆಗುವ ತಪ್ಪೆಂದರೆ ಫೋನನ್ನು ಮೇಜಿನ ಮೇಲೆ ಮಲಗಿಸಿ ಅಳೆಯುವುದು. ಬೆಳಕು ಕಣ್ಣಿಗೆ ಬೀಳಬೇಕು, ಮೇಜಿಗಲ್ಲ. ದಿನಾ ಕೂರುವ ಜಾಗದಲ್ಲಿ ನೆಲದಿಂದ ನಾಲ್ಕಡಿ ಎತ್ತರಕ್ಕೆ ಫೋನನ್ನು ನೆಟ್ಟಗೆ ಹಿಡಿದು, ಅದರ ಮುಖ ನೀವು ನೋಡುವ ದಿಕ್ಕಿಗಿರಲಿ. ಮೋಡದ ದಿನ ಬೆಳಿಗ್ಗೆ ಒಂಬತ್ತಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಅಳೆಯಿರಿ. ಮೋಡದ ಬೆಳಕಿಗೆ ಮಾಮೂಲಿ ಲಕ್ಸೂ ಮೆಲನೋಪಿಕ್ ಲಕ್ಸೂ ಹೆಚ್ಚುಕಡಿಮೆ ಒಂದೇ. 2700 ಕೆಲ್ವಿನ್‌ನ ಹಳದಿ ಎಲ್‌ಇಡಿಗೆ ಅರ್ಧಕ್ಕಿಂತ ಕಡಿಮೆ ಎಂದು ಲೆಕ್ಕ ಹಿಡಿಯಿರಿ.

ಬೆಳಕು ಒಳಗೆ ತರುವುದು

ಕಿಟಕಿಯ ಮೇಲಂಚು ಎಷ್ಟು ಎತ್ತರವೋ ಅದರ ಎರಡು, ಹೆಚ್ಚೆಂದರೆ ಎರಡೂವರೆ ಪಟ್ಟು ದೂರದವರೆಗೆ ಬೆಳಕು ಕೆಲಸಕ್ಕೆ ಬರುತ್ತದೆ. ಏಳಡಿ ಲಿಂಟಲ್ ಇದ್ದರೆ ಹದಿನಾಲ್ಕು ಅಡಿ. ಹೊರಗೆ ಎಂಟಡಿ ಜಗಲಿ ಇದ್ದರೆ ಅದರಲ್ಲಿ ಬಹುಪಾಲು ಜಗಲಿಯಲ್ಲೇ ಮುಗಿಯಿತು. ಕಿಟಕಿ ಅಗಲಿಸಿದರೆ ಹೆಚ್ಚು ಲಾಭವಿಲ್ಲ, ಎತ್ತರಿಸಬೇಕು. ಅದು ಆಗದಿದ್ದರೆ ಗೋಡೆಯ ಒಳಬದಿಯಲ್ಲಿ ಕಿಟಕಿಯ ಪಕ್ಕಗಳನ್ನು ಓರೆಯಾಗಿ ಕಡಿಸಿ, ಸುಣ್ಣವೋ ಬಿಳಿ ಬಣ್ಣವೋ ಬಳಿಸಿ. ಒಂದೂವರೆ ಅಡಿ ಗೋಡೆಯಲ್ಲಿ ಇದೊಂದೇ ಬದಲಾವಣೆ ಕೋಣೆಯ ಲಕ್ಷಣ ಬದಲಿಸುತ್ತದೆ. ಮಣ್ಣಿನ ಗೋಡೆಯಾದರೆ ಲಿಂಟಲ್ ಒಳಗಿನವರೆಗೂ ಇದೆಯೇ ಎಂದು ಮೇಸ್ತ್ರಿಯಿಂದ ನೋಡಿಸಿಯೇ ಕೈ ಹಾಕಿ.

ಹೆಂಚಿನ ಮನೆಗೆ ಗಾಜಿನ ಹೆಂಚಿಗಿಂತ ಅಗ್ಗದ ಮದ್ದಿಲ್ಲ. ನೆಲದ ವಿಸ್ತೀರ್ಣದ ಇಪ್ಪತ್ತರಲ್ಲಿ ಒಂದು ಭಾಗ ಗಾಜಿರಲಿ: 10x12 ಅಡಿ ಕೋಣೆಗೆ ಆರು ಚದರ ಅಡಿ, ಅಂದರೆ ಎಂಟೊಂಬತ್ತು ಹೆಂಚು. ಎಲ್ಲವನ್ನೂ ಒಂದೇ ಕಡೆ ಹೊದಿಸಬೇಡಿ. ಅಲ್ಲಿ ಕಣ್ಣು ಕುಕ್ಕುತ್ತದೆ, ಉಳಿದೆಡೆ ಇನ್ನೂ ಕಪ್ಪಾಗಿ ಕಾಣುತ್ತದೆ. ಉತ್ತರದ ಇಳಿಜಾರಿಗೆ ಹಾಕಿದರೆ ಬಿಸಿಲು ಬೀಳುವುದಿಲ್ಲ ಎಂಬ ಪುಸ್ತಕದ ಪಾಠ ಇಲ್ಲಿಗೆ ಸಲ್ಲದು. ಚಿಕ್ಕಮಗಳೂರು ಇರುವುದು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಏಪ್ರಿಲ್ ಬಿಸಿಲಿಗೆ ಹೆಂಚಿನ ಕೆಳಗೆ, ಪಕಾಸಿನ ಮಟ್ಟದಲ್ಲಿ, ಹಾಲುಬಣ್ಣದ ಪಾಲಿಕಾರ್ಬೊನೇಟ್ ಹಲಗೆಯನ್ನು ಕಳಚಲು ಬರುವಂತೆ ಇಡಿ. ಕಳಚಲು ಬರಲೇಬೇಕು, ಏಕೆಂದರೆ ಮೇಲೆ ಪಾಚಿ, ಒಳಗೆ ಒಲೆಯ ಹೊಗೆ ಕೂತು ಬೆಳಕು ಇಳಿಯುತ್ತಾ ಹೋಗುತ್ತದೆ. ಮಳೆಗೆ ಮುಂಚೆ ಹೆಂಚು ಕೈಯಾಡಿಸುವಾಗಲೇ ಗಾಜನ್ನೂ ಒರೆಸಿಸಿ.

ಪೂರ್ವಕ್ಕೆ ಕಿಟಕಿಯಿದೆ, ವಾಸ್ತು ಸರಿಯಿದೆ ಎಂದು ಬಿಡಬೇಡಿ. ಕೂತಲ್ಲಿಂದ ಆಕಾಶ ಕಾಣುತ್ತದೆಯೇ? ಕಿಟಕಿಗೆ ಎದುರಾಗಿ ಸಿಲ್ವರ್ ಓಕ್ ಸಾಲೋ ಪಕ್ಕದ ಮನೆಯ ಗೋಡೆಯೋ ಇದ್ದರೆ ಪೂರ್ವವಿದ್ದೂ ಪ್ರಯೋಜನವಿಲ್ಲ. ಮರಗಸಿ (ತೋಟದ ನೆರಳಿನ ಮರಗಳ ಕೊಂಬೆ ಕಡಿಯುವುದು) ಮಾಡಿಸುವಾಗ ಮನೆಯ ಪೂರ್ವದ ಎರಡು ಸಾಲನ್ನೂ ಸೇರಿಸಿಕೊಳ್ಳಿ. ಹಾಸನ ಪೇಟೆಯ 30x40 ಸೈಟಿನಲ್ಲಿ ಪಕ್ಕದ ಗೋಡೆ ಮೂರೇ ಅಡಿ ದೂರವಿದ್ದಾಗ ಕಿಟಕಿಯ ಆಸೆ ಬಿಟ್ಟು, ಮೆಟ್ಟಿಲ ಮೇಲೋ ಊಟದ ಜಾಗದ ಮೇಲೋ ಓಟಿಎಸ್ (ಆಕಾಶಕ್ಕೆ ತೆರೆದ ಜಾಗ) ಬಿಡಿಸಿ, ಒಳಗೋಡೆಗೆ ಬಿಳಿ ಬಣ್ಣವೇ ಇರಲಿ. ಅದರ ಮೇಲೆ ಗಾಜು ಮುಚ್ಚುವುದಾದರೆ ಸುತ್ತ ಗಾಳಿಗೆ ಕಂಡಿ ಬಿಡದಿದ್ದರೆ ಬಿಸಿಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ರಾತ್ರಿಯ ಕತ್ತಲು

ಮಲಗುವ ಕೋಣೆಗೂ ಪಡಸಾಲೆಗೂ ಎರಡೆರಡು ಸರ್ಕೀಟು ಎಳೆಸಿ: ಹಗಲಿಗೆ ಬಿಳಿ, ಸಂಜೆಗೆ 2700 ಕೆಲ್ವಿನ್ ಬಲ್ಬು, ಅದೂ ಸೀಲಿಂಗಿನಿಂದಲ್ಲ, ಕಣ್ಣಿಗಿಂತ ಕೆಳಗೆ. ವೈರಿಂಗ್ ಗೋಡೆಯೊಳಗೆ ಸೇರುವ ಮೊದಲೇ ಹೇಳದಿದ್ದರೆ ಆಮೇಲೆ ಗೋಡೆ ಕೊರೆಯಬೇಕು. ಬೆಳದಿಂಗಳಿಗೆ ಹೆದರಬೇಕಿಲ್ಲ, ಹುಣ್ಣಿಮೆಯದು ಅರ್ಧ ಲಕ್ಸೂ ಆಗದು. ಕಾಡುವುದು ಕಾಫಿ ಕಣದ ಫೋಕಸ್ ಲೈಟು. ಅದನ್ನು ಕೆಳಮುಖ ಮಾಡಿ, ಮೇಲೆ ತಗಡಿನ ಮರೆ ಕೊಡಿಸಿ.

ವಯಸ್ಸಾದವರಿದ್ದರೆ

ಅರವತ್ತರ ಹೊತ್ತಿಗೆ ಕಣ್ಣಿನ ಮಸೂರ ಹಳದಿಯಾಗಿ, ಪಾಪೆ ಕಿರಿದಾಗಿ, ಇಪ್ಪತ್ತರವರಿಗೆ ಸಿಗುವ ಬೆಳಕಿನ ಸುಮಾರು ಮೂರನೇ ಒಂದು ಭಾಗವಷ್ಟೇ ರೆಟಿನಾ ಮುಟ್ಟುತ್ತದೆ. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಬಿಸಿಲಿನಿಂದ ಒಳಗಿನ ಮಂಟಪವಾದ ನವರಂಗಕ್ಕೆ ಕಾಲಿಟ್ಟಾಗ ಕಂಬದ ಕೆತ್ತನೆ ಕಾಣಲು ಕೆಲ ನಿಮಿಷ ಬೇಕು. ಮನೆಯ ಅಂಗಳದಿಂದ ಪಡಸಾಲೆಗೆ ಬರುವ ಅಜ್ಜಿಗೂ ಅದೇ ಆಗುತ್ತದೆ, ಆ ಹೊತ್ತಿಗೆ ಕಾಲಡಿ ಹೊಸ್ತಿಲಿರುತ್ತದೆ. ಹೊಸ್ತಿಲು ತೆಗೆಸಲು ಮನಸ್ಸಿಲ್ಲದಿದ್ದರೆ ಅದು ನೆಲದ ಬಣ್ಣಕ್ಕಿಂತ ಎದ್ದು ಕಾಣಲಿ. ರೆಡ್ ಆಕ್ಸೈಡ್ ನೆಲದ ಮೇಲೆ ಹಳೆಯ ಮರದ ಹೊಸ್ತಿಲು ಮಬ್ಬಿನಲ್ಲಿ ಕಾಣುವುದೇ ಇಲ್ಲ. ಅರಿಸಿನ ಬಳಿದ ಹೊಸ್ತಿಲು ಕಾಣುತ್ತದೆ. ಮೆಟ್ಟಿಲಿನ ಅಂಚಿಗೂ ಎರಡಿಂಚಿನ ತಿಳಿಬಣ್ಣದ ಪಟ್ಟಿ ಬೇಕು.

ಮರೆವಿನ ಕಾಯಿಲೆ ಇದ್ದವರಿಗೆ ತಿಳಿನೆಲದ ಮೇಲಿನ ಕಪ್ಪು ಮ್ಯಾಟು ಗುಂಡಿಯಂತೆ, ಹೊಳೆಯುವ ಟೈಲ್ಸ್ ನೀರು ನಿಂತಂತೆ ಕಾಣಬಹುದು. ಹೆಜ್ಜೆ ಇಡಲು ತಡವರಿಸಿದರೆ ಹಟ ಎಂದುಕೊಳ್ಳಬೇಡಿ, ಮೊದಲು ಮ್ಯಾಟು ತೆಗೆದು ನೋಡಿ. ಟಾಯ್ಲೆಟ್ ಬಾಗಿಲು ಹಾಸಿಗೆಯಿಂದಲೇ ನೇರ ಕಾಣುವಂತಿರಲಿ, ಬಾಗಿಲಿನ ಬಣ್ಣ ಗೋಡೆಗಿಂತ ಬೇರೆಯಿರಲಿ. ಜಾಗ ಗುರುತಿಡುವ ಹಿಪ್ಪೋಕ್ಯಾಂಪಸ್, ಆಲ್ಝೈಮರ್‌ನಲ್ಲಿ ಬೇಗ ಪೆಟ್ಟು ತಿನ್ನುವ ಭಾಗ. ಕಣ್ಣೆದುರು ಇಲ್ಲದ ದಾರಿಯನ್ನು ನೆನಪಿನಿಂದ ಹುಡುಕುವುದು ಅವರಿಗೆ ಕಷ್ಟ. ತೊಟ್ಟಿಮನೆ ಇಂಥವರಿಗೆ ಅನುಕೂಲ, ಯಾವ ಕೋಣೆಯಿಂದ ಹೊರಬಂದರೂ ತೊಟ್ಟಿ ಕಾಣುತ್ತದೆ. ಹಿತ್ತಲ ಬಚ್ಚಲಿನ ದಾರಿಗೆ ಮೊಣಕಾಲಿಗಿಂತ ಕೆಳಗೆ ಮಂದ ಹಳದಿ ಲೈಟು ಸಾಲಾಗಿರಲಿ.

ಮಳೆಯ ಸದ್ದು

ಟೆರೇಸಿನ ಮೇಲಿನ ಶೀಟಿನ ಸದ್ದಿಗೆ ಎಲ್ಲರೂ ಗೊಣಗುತ್ತಾರೆ. ಒಂದೇ ಸಮ ಸುರಿಯುವ ಸದ್ದಿಗಿಂತ ಬಿಟ್ಟುಬಿಟ್ಟು ಬೀಳುವ ಸದ್ದೇ ನಿದ್ದೆಯಿಂದ ಎಬ್ಬಿಸುವುದು. ಆದ್ದರಿಂದ ಮೊದಲು ಸೂರಿನಂಚಿನ ನೀರಿನ ದೋಣಿಯಿಂದ ಕೆಳಗಿನ ತಗಡಿಗೆ ತೊಟ್ಟಿಕ್ಕುವ ಹನಿ ನಿಲ್ಲಿಸಿ: ಸರಪಳಿ ಇಳಿಬಿಟ್ಟು, ಕೆಳಗೆ ಜಲ್ಲಿ ಹಾಸಿದರೆ ಸಾಕು. ಶೀಟಿನ ಅಡಿಯಲ್ಲೇ ಮಲಗುವುದಾದರೆ 50 ಮಿ.ಮೀ. ಗ್ಲಾಸ್‌ವೂಲ್, ಅದರ ಕೆಳಗೆ ಬೋರ್ಡಿನ ಸೀಲಿಂಗ್. ಸೀಲಿಂಗಿನ ಫ್ರೇಮನ್ನು ನೇರವಾಗಿ ಶೀಟು ಹೊರುವ ಅಡ್ಡಪಟ್ಟಿಗೆ, ಅಂದರೆ ಪರ್ಲಿನ್‌ಗೆ ಸ್ಕ್ರೂ ಮಾಡಿದರೆ ಸದ್ದು ಅದರ ಮೂಲಕವೇ ಇಳಿಯುತ್ತದೆ, ನಡುವೆ ರಬ್ಬರ್ ವಾಷರ್ ಇರಲಿ. ಇಲ್ಲಿನ ಥಂಡಿಗೆ ಜಿಪ್ಸಮ್ ಬೋರ್ಡು ಜೋತುಬೀಳುತ್ತದೆ, ಸಿಮೆಂಟ್ ಫೈಬರ್ ಬೋರ್ಡು ಹಾಕಿಸಿ. ಇಲಿ ನುಗ್ಗದಂತೆ ಅಂಚಿಗೆಲ್ಲ ಜಾಲರಿ ಹೊಡೆಸಿ.