ಹೆಬ್ಬಾಳದಿಂದ ಕನ್ಯಾಕುಮಾರಿಗೆ: ನಾಲ್ಕು ಸೈಕಲ್, ಒಂದು ಪಂಪು

ಹೆಬ್ಬಾಳದ ಫ್ಲೈಓವರ್ ಹತ್ತಿರ ದಿನಾ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುವವನು ನಾನು. ಆ ರಸ್ತೆ ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೇ ನಂಬರಿನ ಹೆದ್ದಾರಿ ಅಂತ ನೆನಪಿಸಿದ್ದು ನಮ್ಮ ಸೈಕಲ್ ಗುಂಪಿನ ಮೇಷ್ಟ್ರು. "ಪೂರ್ತಿ ದೇಶ ತುಳಿಯೋಕೆ ಯಾರಿಗೂ ರಜೆ ಸಿಗಲ್ಲ. ಬಾಲದ ತುಂಡಾದ್ರೂ ತುಳಿಯೋಣ" ಅಂದರು. ಅವರಿಗೆ ಐವತ್ತೆರಡು. ನನಗೆ ನಲವತ್ತು. ಜೊತೆಗೆ ಇಬ್ಬರು ಸಾಫ್ಟ್‌ವೇರ್ ಹುಡುಗರು.

ಹೊರಟಿದ್ದು ಜನವರಿಯಲ್ಲಿ, ಸಂಕ್ರಾಂತಿ ಮುಗಿದ ಮೇಲೆ. ತಮಿಳುನಾಡಿನ ಮಳೆ ಅಷ್ಟರಲ್ಲಿ ನಿಂತಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ಗಾಳಿಯ ಲೆಕ್ಕವೂ ಇತ್ತು. ಕೊನೆಯ ದಿನ ಸಿಗುವ ಅರಳ್ವಾಯ್‌ಮೊಳಿ ಕಣಿವೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಗಾಳಿ ಜೋರು. ಅಲ್ಲಿ ಸಾಲುಸಾಲು ಗಾಳಿಯಂತ್ರ ನೆಟ್ಟಿರುವುದು ಸುಮ್ನೆ ಅಲ್ಲ.

ತಯಾರಿಯಲ್ಲಿ ಮೊದಲು ಎಡವಿದೆವು. ಬೆಂಗಳೂರಿನ ಸೈಕಲ್‌ನವರೆಲ್ಲ ಮಾಡುವ ಹಾಗೆ ಭಾನುವಾರ ನಸುಕಿಗೆ ಎದ್ದು ನಂದಿಬೆಟ್ಟ ಹತ್ತುತ್ತಿದ್ದೆವು. ಕಾಲು ಗಟ್ಟಿಯಾಯಿತು. ಆದರೆ ಸೋಮವಾರ ಯಾರೂ ಸೈಕಲ್ ಹತ್ತುತ್ತಿರಲಿಲ್ಲವಲ್ಲ! ದೂರದ ಪ್ರಯಾಣದಲ್ಲಿ ಕಷ್ಟ ಇರುವುದು ಮರುದಿನ ಬೆಳಗ್ಗೆ ಅದೇ ಸೀಟಿನ ಮೇಲೆ ಮತ್ತೆ ಕೂರುವುದರಲ್ಲಿ. ಆಮೇಲೆ ಶನಿವಾರ ರಾಮನಗರಕ್ಕೆ ಹೋಗಿಬರುವುದು, ಭಾನುವಾರ ಮತ್ತೆ ಅದೇ ದಾರಿ ಅಂತ ಮಾಡಿಕೊಂಡೆವು. ಮೊದಲ ಭಾನುವಾರ ಬಿಡದಿಯಲ್ಲಿ ತಟ್ಟೆ ಇಡ್ಲಿಯನ್ನು ನಿಂತುಕೊಂಡೇ ತಿಂದೆವು. ಪ್ಯಾಡ್ ಇರುವ ಚಡ್ಡಿಯ ಒಳಗೆ ಇನ್ನೊಂದು ಚಡ್ಡಿ ಹಾಕಬಾರದು, ಹೊಲಿಗೆ ಉಜ್ಜಿ ಗಾಯವಾಗುತ್ತದೆ ಅನ್ನುವ ಜ್ಞಾನೋದಯ ಆಗಿದ್ದು ಅವತ್ತೇ.

ಬೆಳಗಿನ ಜಾವ ನಾಲ್ಕೂವರೆಗೆ ಹೊರಟು ಹೊಸೂರು ರಸ್ತೆ ಹಿಡಿದೆವು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೃಷ್ಣಗಿರಿ 500ರ ಹತ್ತಿರ. ಅಂದರೆ ಮೊದಲ ದಿನ ಒಟ್ಟಾರೆ ಇಳಿಜಾರೇ. ಕೆಟ್ಟಿದ್ದು ಅಲ್ಲೇ. ಹುಡುಗರು ಹಾರಿಹೋದರು. ಕೃಷ್ಣಗಿರಿ ದಾಟಿದ ಮೇಲೆ ಮೇಷ್ಟ್ರ ಹಿಂದಿನ ಚಕ್ರ ಪಂಕ್ಚರ್ ಆಯಿತು. ಟ್ಯೂಬ್ ನನ್ನ ಹತ್ತಿರ ಇತ್ತು. ಪಂಪು ಹುಡುಗರ ಬ್ಯಾಗಿನಲ್ಲಿ. ಅವರು ಹನ್ನೆರಡು ಕಿಲೋಮೀಟರ್ ಮುಂದೆ, ಫೋನು ಬ್ಯಾಗಿನೊಳಗೆ. ಒಂದೂವರೆ ಗಂಟೆ ಹುಣಸೆಮರದ ಕೆಳಗೆ ಕೂತೆವು.

ಆ ರಾತ್ರಿ ಧರ್ಮಪುರಿಯ ಲಾಡ್ಜಿನಲ್ಲಿ ದೊಡ್ಡ ಜಗಳ. "ನಿಧಾನಕ್ಕೆ ತುಳಿದ್ರೆ ನಮಗೆ ಕಾಲು ಹಿಡಿಯುತ್ತೆ ಮೇಷ್ಟ್ರೇ" ಅಂತ ಒಬ್ಬ. ನಾನು ರೇಗಿದೆ. ಮೇಷ್ಟ್ರು ಮಾತ್ರ ಪುಸ್ತಕದ ಹಾಳೆ ಹರಿದು ಬರೆಯುತ್ತಾ ಕೂತರು. ನಾಳೆಯಿಂದ ಎಲ್ಲರಿಗಿಂತ ನಿಧಾನದವರು ಮುಂದೆ. ಎಲ್ಲರಿಗಿಂತ ಜೋರಿನವನು ಕೊನೆಗೆ, ಪಂಪು ಮತ್ತು ಸಾಮಾನು ಅವನ ಹತ್ತಿರ. ಇಪ್ಪತ್ತು ಕಿಲೋಮೀಟರಿಗೊಮ್ಮೆ ನಿಲ್ಲುವುದು. ಮುಂದಿನವರು ಎಡಗೈ ಎತ್ತಿದರೆ ಏನೋ ಆಗಿದೆ ಅಂತ ಅರ್ಥ. ಹುಡುಗರ ಮುಖ ಸಪ್ಪಗಾಯಿತು. ಆದರೆ ಆಮೇಲಿನ ಐದು ದಿನ ನಮ್ಮ ನಡುವೆ ಜಗಳ ಆಗಲಿಲ್ಲ. ಪ್ರಯಾಣದಿಂದ ನಾನು ಒಂದೇ ಸಲಹೆ ಕೊಡಬಹುದಾದರೆ ಆ ಹಾಳೆಯನ್ನೇ ಕೊಡುತ್ತೇನೆ.

ಎರಡನೇ ದಿನ ತೊಪ್ಪೂರು ಘಾಟಿ. ಲಾರಿಗಳಿಗೆ ಬ್ರೇಕ್ ಹಿಡಿಯದೆ ಅಪಘಾತವಾಗುವುದಕ್ಕೆ ಕುಖ್ಯಾತವಾದ ಇಳಿಜಾರು ಅದು. ಬೆಳಕು ಹರಿದ ಮೇಲೇ ಇಳಿದೆವು. ಬ್ರೇಕ್ ಒಂದೇ ಸಮ ಹಿಡಿದರೆ ರಿಮ್ ಕಾಯುತ್ತದೆ. ಹಿಡಿದು, ಬಿಟ್ಟು, ಮತ್ತೆ ಹಿಡಿದು ಇಳಿಯಬೇಕು. ಆಸೆಗೆ ಬಿದ್ದು ಚಕ್ರ ಬಿಡಬಾರದು.

ಆರು ದಿನದಲ್ಲಿ ಹನ್ನೊಂದು ಪಂಕ್ಚರ್. ಮೊಳೆ, ಮುಳ್ಳು ಅಂದುಕೊಂಡಿದ್ದೆವು. ಹೆಚ್ಚಿನವು ತಂತಿ. ಒಡೆದ ಲಾರಿ ಟೈರಿನ ಒಳಗಿನ ಕೂದಲಿನಂಥ ಉಕ್ಕಿನ ಎಳೆಗಳು ರಸ್ತೆಯ ಅಂಚಿನಲ್ಲೇ ಬಿದ್ದಿರುತ್ತವೆ, ಸೈಕಲ್ ಹೋಗುವುದೂ ಅಲ್ಲೇ. ಟ್ಯೂಬ್ ಬದಲಿಸಿದರೆ ಸಾಲದು, ಎಳೆ ಟೈರಿನಲ್ಲೇ ಉಳಿದು ಹೊಸ ಟ್ಯೂಬನ್ನೂ ಚುಚ್ಚುತ್ತದೆ. ಟೈರಿನ ಒಳಮೈಯನ್ನು ಹತ್ತಿಬಟ್ಟೆಯಿಂದ ಒರೆಸುತ್ತಾ ಬನ್ನಿ. ಬಟ್ಟೆ ಸಿಕ್ಕಿಕೊಂಡ ಕಡೆ ತಂತಿ ಇದೆ. ಬೆರಳಿಂದ ಕೀಳೋಕೆ ಬರಲ್ಲ, ನೇಲ್ ಕಟರ್ ಬೇಕು.

ನಾಮಕ್ಕಲ್ ಬಿಟ್ಟು ಕರೂರಿಗೆ ಹೋಗುವಾಗ ಕಾವೇರಿ ಸಿಕ್ಕಳು. ಸೇತುವೆ ಮೇಲೆ ಎಲ್ಲರೂ ಇಳಿದು ನಿಂತೆವು. ಮನೆ ನಲ್ಲಿಯಲ್ಲಿ ಬರುವವಳನ್ನು ಇಲ್ಲಿ ನೋಡೋದೇ ಬೇರೆ, ಅಲ್ವಾ? ದಿಂಡಿಗಲ್ ಹತ್ತಿರ, ಮುರುಗನ ಹಬ್ಬವಾದ ತೈಪೂಸಂಗೆ ಪಳನಿಗೆ ನಡೆದು ಹೋಗುವ ಭಕ್ತರ ಸಾಲು. ಹಸಿರು ಪಂಚೆ, ಬರಿಗಾಲು. ಜೆಲ್ ಗ್ಲೌಸ್ ಹಾಕಿಕೊಂಡ ನಮ್ಮನ್ನು ನೋಡಿ ಒಬ್ಬ ಅಜ್ಜ "ಪೆಂಗಳೂರ್‌ಲೇರುಂದು ಸೈಕಿಳ್‌ಲಾ?" ಅಂತ ಕಣ್ಣರಳಿಸಿದ. ನನಗೆ ನಾಚಿಕೆಯಾಯಿತು. ಅವರಿಗೆ ಹಾಕಿದ್ದ ಪೆಂಡಾಲಿನಲ್ಲಿ ನಮಗೂ ಬಿಸಿ ಪೊಂಗಲ್ ಸಿಕ್ಕಿತು.

ಮದುರೈನಲ್ಲಿ ಅರ್ಧ ದಿನ ಬಿಡುವು. ಚೈನು ತೊಳೆದೆವು, ಬಟ್ಟೆ ಒಗೆದೆವು, ಹತ್ತಿಬೀಜದ ಹಾಲಿಗೆ ಬೆಲ್ಲ ಹಾಕಿ ಮಾಡುವ ಪರುತ್ತಿಪಾಲ್ ಕುಡಿದೆವು. ಅಲ್ಲಿಂದ ಕೋವಿಲ್‌ಪಟ್ಟಿವರೆಗೆ ಹೇಳುವಂಥದ್ದೇನೂ ಇಲ್ಲ. ನೆಟ್ಟಗಿನ ರಸ್ತೆ, ಬಿಸಿಲು, ಬೇಜಾರು. ಆದರೆ ಕೋವಿಲ್‌ಪಟ್ಟಿಯ ಕಡಲೆ ಮಿಠಾಯಿ ಸಿಕ್ಕಿತು. ಬೆಂಗಳೂರಿನಿಂದ ಹೊತ್ತು ತಂದಿದ್ದ ದುಬಾರಿ ಎನರ್ಜಿ ಬಾರ್‌ಗಳನ್ನು ಆಮೇಲೆ ಯಾರೂ ಮುಟ್ಟಲಿಲ್ಲ.

ಕೊನೆಯ ದಿನ 140 ಕಿಲೋಮೀಟರ್. ಗಾಳಿಯಂತ್ರಗಳು ಸೋಮಾರಿಯಾಗಿ ತಿರುಗುತ್ತಿದ್ದವು, ನಮ್ಮ ಲೆಕ್ಕ ತಪ್ಪಿರಲಿಲ್ಲ. ಕನ್ಯಾಕುಮಾರಿ ಊರೊಳಗೆ ಬಂದಾಗ ಸಂಜೆ ಆರು ಹತ್ತಿರ. ಮುಂದಿದ್ದ ಮೇಷ್ಟ್ರು ಎಡಗೈ ಎತ್ತಿದರು. ಹಿಂದಿದ್ದ ಹುಡುಗ "ಅಯ್ಯೋ, ಹನ್ನೆರಡನೇದು" ಅನ್ನುತ್ತಾ ಪಂಪು ತೆಗೆದುಕೊಂಡು ಓಡಿದ. ಮೇಷ್ಟ್ರು ಚಕ್ರ ನೋಡುತ್ತಿರಲಿಲ್ಲ. ಎದುರಿಗೆ ಬಂಡೆ, 133 ಅಡಿಯ ತಿರುವಳ್ಳುವರ್ ಪ್ರತಿಮೆ, ಆಚೆಗೆಲ್ಲ ನೀರು.

ವಾಪಸ್ ಬಂದಿದ್ದು ಕೇರಳದ ಮೇಲೆ ಸುತ್ತಿಕೊಂಡು ಬರುವ ಐಲ್ಯಾಂಡ್ ಎಕ್ಸ್‌ಪ್ರೆಸ್‌ನಲ್ಲಿ. ಪಾರ್ಸೆಲ್‌ಗೆ ಹಾಕುವ ಮೊದಲು ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಹಿಂದಿನ ಗೇರಿಗೆ ದಪ್ಪ ರಟ್ಟು ಕಟ್ಟಿದೆವು. ಎಡಗಡೆ ಪೆಡಲ್ ಉಲ್ಟಾ ಬಿಚ್ಚಬೇಕು. ಅದು ಮರೆತು ನಾನು ಹತ್ತು ನಿಮಿಷ ಬಿಗಿ ಮಾಡುತ್ತಾ ಕೂತಿದ್ದೆ.